ಕಣ್ಣಿನ ಹನಿಮದ್ದು ಜೀವಕೋಶದ ಅಸ್ಥಿಪಂಜರವನ್ನು ಸಡಿಲಿಸುತ್ತದೆ ಎಂದರೆ ಏನು?

ಬದಿಯಡ್ಕದ ಮಗಳು:
ಅಮ್ಮನಿಗೆ ಗ್ಲಾಕೋಮಾ. ಹಳೆಯ ಮದ್ದಿನಿಂದ ಕಣ್ಣಿನೊಳಗಿನ ಒತ್ತಡ ಇಳಿಯಲಿಲ್ಲವೆಂದು ಕಳೆದ ತಿಂಗಳು ಮಂಗಳೂರಿನ ವೈದ್ಯರು ನೆಟಾರ್ಸುಡಿಲ್ ಸೇರಿಸಿದರು. ರಾತ್ರಿ ಒಂದು ಹನಿ. ಮರುದಿನ ಅಡಿಕೆ ಸುಲಿಯಲು ಕುಳಿತಾಗ ನೋಡಿದರೆ ಎರಡೂ ಕಣ್ಣು ಕೆಂಡದಂತೆ. ನೆರೆಮನೆಯವರು ಕೆಂಗಣ್ಣು ಎಂದರು. ಅಮ್ಮ ಬಾಟಲಿಯನ್ನು ದೇವರ ಕೋಣೆಯ ಗೂಡಿನಲ್ಲಿಟ್ಟುಬಿಟ್ಟಿದ್ದಾರೆ. ಇದು ಜೀವಕೋಶದ ಅಸ್ಥಿಪಂಜರವನ್ನು ಸಡಿಲಿಸುವ ಮದ್ದು ಎಂದು ವೈದ್ಯರು ಹೇಳಿದ್ದರು. ನಾನು ಓದಿದ್ದು ವಾಣಿಜ್ಯ. ಜೀವಕೋಶಕ್ಕೂ ಎಲುಬಿದೆಯೇ? ಅದು ಸಡಿಲವಾದರೆ ಕಣ್ಣಿಗೆ ಒಳ್ಳೆಯದಾಗುವುದು ಹೇಗೆ?

ನೀರ್ಚಾಲಿನ ನಿವೃತ್ತ ಅಧ್ಯಾಪಕ:
ಮಗಳೇ, ಮೊದಲು ವೈದ್ಯರಿಗೆ ಫೋನ್ ಮಾಡು. ಅವರನ್ನು ಕೇಳದೆ ಮದ್ದು ನಿಲ್ಲಿಸಬಾರದು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ.

ಅಸ್ಥಿಪಂಜರ ಎಂಬ ಪದ ಪಾಠ ಮಾಡುವಾಗಲೂ ನನಗೆ ಹಿಡಿಸಿರಲಿಲ್ಲ. ಹಗ್ಗ ಎಂದುಕೋ. ಆಕ್ಟಿನ್ ಎಂಬ ಪ್ರೋಟೀನಿನ ಮಣಿಗಳು ಸಾಲುಗೂಡಿ, ತೆಂಗಿನ ನಾರಿನ ಹುರಿಯ ಹಾಗೆ ಎರಡೆಳೆಯಾಗಿ ಹೊಸೆದುಕೊಂಡು, ಸುಮಾರು 7 ನ್ಯಾನೋಮೀಟರ್ ದಪ್ಪದ ತಂತುವಾಗುತ್ತವೆ. ನಾವು ಹೊಸೆದ ಹುರಿ ಹೊಸೆದಂತೆಯೇ ಉಳಿಯುತ್ತದೆ. ಇದು ಒಂದು ತುದಿಯಲ್ಲಿ ಬೆಳೆಯುತ್ತಲೇ ಇನ್ನೊಂದು ತುದಿಯಲ್ಲಿ ಬಿಚ್ಚಿಕೊಳ್ಳುತ್ತಿರುತ್ತದೆ. ಎಲ್ಲಿ ಹೊಸೆಯಬೇಕು, ಎಷ್ಟು ಬಿಗಿಯಬೇಕು ಎಂದು ತಿಳಿಸುವವು ಸಂಕೇತ ಪ್ರೋಟೀನುಗಳು. ಅವುಗಳಲ್ಲಿ ರೋ ಒಂದು. ಜಿಟಿಪಿ ಎಂಬ ಅಣು ಅಂಟಿದ್ದಾಗ ಅದು ಚಾಲೂ, ಆ ಅಣುವಿನಿಂದ ಒಂದು ಫಾಸ್ಫೇಟ್ ಕಳಚಿದರೆ ಬಂದ್. ರೋ ಚಾಲೂ ಆದರೆ ಕೋಶದೊಳಗೆ ಆಕ್ಟಿನ್ ಬಿಗಿಯಾದ ಕಟ್ಟುಗಳಾಗುತ್ತದೆ ಎಂದು 1992ರಲ್ಲಿ ಆನ್ ರಿಡ್ಲಿ ಮತ್ತು ಅಲನ್ ಹಾಲ್ ತೋರಿಸಿದರು.

ಮಂಜೇಶ್ವರದ ನೇತ್ರ ಪರೀಕ್ಷಕಿ:
ಮಾಸ್ತರರ ಹಗ್ಗವನ್ನೇ ಹಿಡಿದು ಮುಂದುವರಿಸುತ್ತೇನೆ. ಕಣ್ಣಿನೊಳಗಿನ ದ್ರವ ಹೊರಹೋಗುವ ಮೂಲೆಯಲ್ಲಿ ಜರಡಿಯಂಥ ಅಂಗಾಂಶವಿದೆ. ನಿಮ್ಮ ಕಡೆ ನೀರಿಗಾಗಿ ಕೊರೆದ ಸುರಂಗಗಳಲ್ಲಿ ಮುರಕಲ್ಲಿನ ಸಂದುಗಳಿಂದ ನೀರು ಜಿನುಗುವುದನ್ನು ನೀವು ನೋಡಿರುತ್ತೀರಿ. ಇಲ್ಲಿಯೂ ಹಾಗೆಯೇ, ಸಂದು ಕಿರಿದಾದರೆ ಹರಿವು ಕುಂಠಿತ. ಅಲ್ಲಿನ ಕೋಶಗಳಲ್ಲಿ ರೋ ಪ್ರೋಟೀನು ರಾಕ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ರಾಕ್, ಇನ್ನೊಂದು ಪ್ರೋಟೀನಾದ ಮಯೋಸಿನ್‌ನಿಂದ ಆಕ್ಟಿನ್ ಹಗ್ಗಗಳನ್ನು ಎಳೆಸುತ್ತದೆ. ಕೋಶಗಳು ಸೆಟೆದುಕೊಂಡರೆ ದ್ರವ ಸಲೀಸಾಗಿ ಹೋಗದೆ ಒತ್ತಡ ಏರುತ್ತದೆ. ನೆಟಾರ್ಸುಡಿಲ್ ತಡೆಯುವುದು ಈ ರಾಕ್ ಅನ್ನು. ಆಗ ಹಗ್ಗಗಳು ಸಡಿಲವಾಗಿ, ದ್ರವ ಸಲೀಸಾಗಿ ಹೊರಹೋಗಿ ಒತ್ತಡ ಇಳಿಯುತ್ತದೆ.

ಕೆಂಪಿಗೂ ಕಾರಣ ಅಲ್ಲೇ ಇದೆ. ರಕ್ತನಾಳದ ಗೋಡೆಯ ಸ್ನಾಯು ಬಿಗಿಯಾಗಿರುವುದರಲ್ಲೂ ರಾಕ್ ಪಾತ್ರವಿದೆ. ಅದನ್ನು ತಡೆದಾಗ ಕಣ್ಣಿನ ಬಿಳಿಭಾಗದ ನಾಳಗಳು ಹಿಗ್ಗುತ್ತವೆ. ಈ ಮದ್ದು ಹಾಕಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೀಗಾಗುತ್ತದೆ. ಆದರೆ ನೋವು, ಕೀವು ಇದ್ದರೆ ಅಥವಾ ದೃಷ್ಟಿ ಮಂಜಾಗಿದ್ದರೆ ಫೋನಿನಲ್ಲಿ ಮುಗಿಸಬೇಡಿ, ಅಂದೇ ಕರೆದುಕೊಂಡು ಹೋಗಿ.

ಬದಿಯಡ್ಕದ ಮಗಳು:
ಫೋನ್ ಮಾಡಿದೆ ಅಕ್ಕ. ನೋವಿಲ್ಲ, ಕೀವಿಲ್ಲ. ಮುಂದುವರಿಸಿ, ಸೋಮವಾರ ಬನ್ನಿ ಎಂದರು. ಮಾಸ್ತರರೇ, ಹಾಗಾದರೆ ಈ ಹಗ್ಗ ಸಡಿಲವಿದ್ದಷ್ಟೂ ಒಳ್ಳೆಯದೇ?

ನೀರ್ಚಾಲಿನ ನಿವೃತ್ತ ಅಧ್ಯಾಪಕ:
ಇಲ್ಲ ಮಗಳೇ. ವಿಸ್ಕಾಟ್–ಆಲ್ಡ್ರಿಚ್ ಎಂಬ ಕಾಯಿಲೆಯೊಂದಿದೆ, ಹೆಚ್ಚಾಗಿ ಗಂಡುಮಕ್ಕಳಲ್ಲಿ. ಅದರ ಜೀನ್ ಪತ್ತೆಯಾದದ್ದು 1994ರಲ್ಲಿ. ರೋ ಬಳಗದ ಸಿಡಿಸಿ42 ಎಂಬ ಪ್ರೋಟೀನು ಕೊಟ್ಟ ಸಂಕೇತವನ್ನು ಆಕ್ಟಿನ್ ಹೊಸೆಯುವ ಯಂತ್ರಕ್ಕೆ ಮುಟ್ಟಿಸುವ ಪ್ರೋಟೀನು ಆ ಮಕ್ಕಳಲ್ಲಿ ಕೆಟ್ಟಿರುತ್ತದೆ. ಬಿಳಿ ರಕ್ತಕಣ ಸೋಂಕಿನ ಕಡೆಗೆ ತೆವಳಬೇಕಾದರೆ ಮುಂಭಾಗದಲ್ಲಿ ಹೊಸ ಹುರಿ ಹೊಸೆಯುತ್ತಲೇ ಇರಬೇಕು. ಅದು ಸರಿಯಾಗಿ ಆಗದೆ ಮೇಲಿಂದ ಮೇಲೆ ಸೋಂಕು. ರಕ್ತ ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು (ಪ್ಲೇಟ್ಲೆಟ್) ಕಡಿಮೆಯಾಗಿ, ಚಿಕ್ಕವೂ ಆಗಿ ರಕ್ತಸ್ರಾವ. ಜೊತೆಗೆ ಚರ್ಮದ ತುರಿಕೆ. ಸೋಮವಾರ ವೈದ್ಯರು ಒತ್ತಡ ಎಷ್ಟಿದೆ ಎನ್ನುತ್ತಾರೋ ಇಲ್ಲಿ ಬರೆ, ಕಾಯುತ್ತಿರುತ್ತೇನೆ.