ಹಳೇ ಮಾರುತಿ 800: ಮನೆಯಲ್ಲೇ ರಿಪೇರಿ ಮಾಡಿದವರು ಅನುಭವ ಹೇಳಿ

ಮೈಸೂರು_ಬಿಳಿ800 (ಕೇಳಿದವರು)
ಅಪ್ಪನ 1998ರ 800 ಈಗ ನನ್ನ ಕೈಗೆ ಬಂದಿದೆ. ಕಾರ್ಬೊರೇಟರ್ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ, ಆದ ಮೇಲೂ ಸ್ವಲ್ಪ ಹೊತ್ತು ಇಂಜಿನ್ ನಡುಗುತ್ತದೆ. ಜೊತೆಗೆ ರೇಡಿಯೇಟರ್ ನೀರು ವಾರಕ್ಕೆ ಅರ್ಧ ಲೀಟರಿನಷ್ಟು ಕಡಿಮೆ ಆಗುತ್ತಿದೆ. ನೆಲಕ್ಕೆ ಒಂದು ಹನಿಯೂ ಬಿದ್ದಿಲ್ಲ. ಒಂದು ಗ್ಯಾರೇಜಿನಲ್ಲಿ ಎಂಟು ಸಾವಿರ ಅಂದರು, ಇನ್ನೊಂದರಲ್ಲಿ "ಬಿಚ್ಚಿದ ಮೇಲೆ ಹೇಳ್ತೀನಿ" ಅಂದರು. ಮನೆ ಪಕ್ಕ ಶೆಡ್ ಇದೆ, ಭಾನುವಾರ ಬಿಡುವು ಇದೆ. ನಾನೇ ಕಲಿತು ಮಾಡೋಣ ಅಂತಿದ್ದೇನೆ. ಯಾವ ಕೆಲಸ ಮನೆಯಲ್ಲಿ ಆಗುತ್ತದೆ, ಯಾವುದು ಆಗಲ್ಲ, ಎಷ್ಟು ಖರ್ಚು ಬಂತು? ಮಾಡಿದವರು ದಯವಿಟ್ಟು ಹೇಳಿ.

ಹಾಸನ_ಕಾರ್ಬೊ
ನನ್ನದು 1996ರ 800. ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್ಡನ್ನೇ ಮನೆಯಲ್ಲಿ ಇಳಿಸಿದ್ದೇನೆ, ಇವತ್ತಿಗೂ ಅದೇ ಗಾಡಿಯಲ್ಲಿ ಆಫೀಸಿಗೆ ಹೋಗುತ್ತೇನೆ.

ನನಗೂ ನೀರು ಕಡಿಮೆ ಆಗುವುದರಿಂದಲೇ ಶುರುವಾಗಿದ್ದು. ಗ್ಯಾರೇಜಿನಲ್ಲಿ ಮೊದಲು ರೇಡಿಯೇಟರ್ ಬದಲಾಯಿಸಿದರು, 3,200. ನಿಲ್ಲಲಿಲ್ಲ. ವಾಟರ್ ಪಂಪ್ ಅಂದರು, ಲೇಬರ್ ಸೇರಿ 1,850. ನಿಲ್ಲಲಿಲ್ಲ. ಹೋಸ್‌ಗಳು 640, ಕ್ಯಾಪ್ 180. ಒಟ್ಟು 5,870 ಹೋಯಿತು, ನೀರೂ ಹೋಗುತ್ತಲೇ ಇತ್ತು. ಒಬ್ಬರೂ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಲಿಲ್ಲ.

ಕೊನೆಗೆ ನಾನೇ ಮೂರೂ ಪ್ಲಗ್ ಬಿಚ್ಚಿ ಹಳೇ ಬನಿಯನ್ ಮೇಲೆ ಸಾಲಾಗಿ ಇಟ್ಟೆ. ಎರಡರ ತುದಿ ಕಂದು ಬಣ್ಣ, ಬುಡದಲ್ಲಿ ಕಪ್ಪು ಮಸಿ. ಮೂರನೆಯದರ ಪಿಂಗಾಣಿ ಮಾತ್ರ ಬೆಳ್ಳಗೆ, ಒಂದು ಚೂರೂ ಮಸಿ ಇಲ್ಲ. ಅಂದರೆ ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ, ಹಬೆ ಆ ಮಸಿಯನ್ನೆಲ್ಲ ತೊಳೆದುಬಿಟ್ಟಿದೆ. ತಣ್ಣಗಿರುವ ಗಾಡಿಯ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ಒಂದೇ ಸಮ ಗುಳ್ಳೆ. ಹೆಡ್ಡಿಗೂ ಇಂಜಿನ್ ಬ್ಲಾಕಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಖರ್ಚು ಬರೆದಿಟ್ಟಿದ್ದೇನೆ. ಬೋಲ್ಟನ್ನು ಅಳತೆಯಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ 2,600. ಸಂದು ಅಳೆಯುವ ಫೀಲರ್ ಗೇಜ್ 150. ಗ್ಯಾಸ್ಕೆಟ್ ಸೆಟ್ 1,150. ಲೇತ್‌ನಲ್ಲಿ ಹೆಡ್ಡಿನ ತಳ ಸಮ ಮಾಡಿಸುವ ಫೇಸಿಂಗ್ 700. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚಬೇಕಲ್ವಾ, ಅದೂ ಹೊಸದು, 520. ಕೂಲೆಂಟ್ 680. ಆಯಿಲ್, ಫಿಲ್ಟರ್ 1,350. ಒಟ್ಟು 7,150.

ಆದರೆ ಆ ಗ್ಯಾಸ್ಕೆಟ್ ಡೂಪ್ಲಿಕೇಟ್. ಪ್ಯಾಕೆಟ್ಟು, ಸೀಲು, ಸ್ಟಿಕ್ಕರ್ ಎಲ್ಲಾ ಅಸಲಿಯದರ ಹಾಗೇ ಇತ್ತು. ತಿಂಗಳೊಳಗೆ ಮತ್ತೆ ಗುಳ್ಳೆ. ಅಂಗಡಿಯವನು "ಬಿಚ್ಚಿದ ಮಾಲು ವಾಪಸ್ ಇಲ್ಲ" ಅಂದ. ಅಸಲಿ ಸೆಟ್ 1,650, ಮತ್ತೆ ಕೂಲೆಂಟ್ ಮತ್ತು ಆಯಿಲ್ 2,030. ಒಟ್ಟು 10,830 ಆಯಿತು. ಆ ಡೂಪ್ಲಿಕೇಟ್ ಗ್ಯಾಸ್ಕೆಟ್ ಇನ್ನೂ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೇನೆ, ಬಂದವರಿಗೆಲ್ಲ ತೋರಿಸುತ್ತೇನೆ.

ತುಮಕೂರು_ಗ್ಯಾರೇಜೇಸರಿ
ಹಾಸನದವರೇ, ನಿಮ್ಮ ಲೆಕ್ಕ ನೀವೇ ಕೂಡಿಸಿ ನೋಡಿ. 5,870 ಮತ್ತು 10,830 ಸೇರಿದರೆ 16,700. ಕೇಳಿದವರಿಗೆ ಗ್ಯಾರೇಜಿನವರು ಎಂಟು ಸಾವಿರ ಹೇಳಿದ್ದಾರೆ. ಇದರಲ್ಲಿ ಉಳಿತಾಯ ಎಲ್ಲಿದೆ?

ನಾನು ಮನೆ ರಿಪೇರಿಗೆ ವಿರೋಧ, ಕಾರಣ ಹೇಳುತ್ತೇನೆ. ನಮ್ಮ ಭಾವನ ಗಾಡಿಗೆ ಪಕ್ಕದ ಮನೆಯ ಹುಡುಗ ಬ್ರೇಕ್ ಆಯಿಲ್ ಟಾಪ್‌ಅಪ್ ಮಾಡಿದ. ಡಬ್ಬಿಯಲ್ಲಿದ್ದದ್ದು ಇಂಜಿನ್ ಆಯಿಲ್. ಬ್ರೇಕಿನ ರಬ್ಬರ್‌ಗಳಿಗೆ ಆ ಎಣ್ಣೆ ತಾಗಿದರೆ ಊದಿಕೊಳ್ಳುತ್ತವೆ. ಒಂದೆರಡು ದಿನ ಏನೂ ಗೊತ್ತಾಗಲಿಲ್ಲ. ಆಮೇಲೆ ಹೈವೇಯಲ್ಲಿ ಬ್ರೇಕ್ ಒತ್ತಿದ್ದು ಬಿಡಲೇ ಇಲ್ಲ. ಮುಂದಿನ ಎರಡೂ ಚಕ್ರದಿಂದ ಹೊಗೆ. ಹಿಂದೆ ಲಾರಿ. ಅಕ್ಕ, ಮಕ್ಕಳು ಒಳಗೆ ಕೂತಿದ್ದರು. ಮಾಸ್ಟರ್ ಸಿಲಿಂಡರ್, ಹಿಂದಿನ ವ್ಹೀಲ್ ಸಿಲಿಂಡರ್‌ಗಳು, ಮುಂದಿನ ಕ್ಯಾಲಿಪರ್ ಕಿಟ್, ನಾಲ್ಕೂ ಹೋಸ್ ಬದಲಾಯಿಸಬೇಕಾಯಿತು. 9,400. ಟಾಪ್‌ಅಪ್ ಮಾಡಿದವನಿಗೆ ಒಂದು ರೂಪಾಯಿ ಖರ್ಚಿಲ್ಲ.

ಹಾಸನ_ಕಾರ್ಬೊ
ಆ 5,870 ಗ್ಯಾರೇಜಿನಲ್ಲಿ ಹೋದ ದುಡ್ಡು ಸ್ವಾಮಿ, ಅದನ್ನು ನನ್ನ ಲೆಕ್ಕಕ್ಕೆ ಯಾಕೆ ಸೇರಿಸುತ್ತೀರಿ? ಟಾರ್ಕ್ ರೆಂಚ್ ಇನ್ನೂ ನನ್ನ ಹತ್ತಿರ ಇದೆ, ತಮ್ಮನ ಗಾಡಿಗೂ ಅದೇ. ಆಮೇಲೆ ಬ್ರೇಕಿಗೆ ಇಂಜಿನ್ ಆಯಿಲ್ ಹಾಕಿದ್ದು ಮನೆ ರಿಪೇರಿಯ ತಪ್ಪಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಡಾಟ್ 3 ಅಂತ ಬರೆದಿರುತ್ತದೆ. ಓದುವವರು ಓದುತ್ತಾರೆ.

ಉಡುಪಿ_ಜೆನ್97
ಇಂಜಿನ್ ಬಗ್ಗೆ ಇಷ್ಟು ಮಾತು. ನನ್ನ ಜೆನ್ ಇಂಜಿನ್ ಚಿನ್ನದಂಥದ್ದು, ಗಾಡಿ ಸತ್ತಿದ್ದು ತುಕ್ಕಿನಿಂದ. ಅದನ್ನು ಯಾರೂ ಹೇಳಲ್ಲ.

ಸಮುದ್ರದಿಂದ ನಮ್ಮ ಮನೆಗೆ ಒಂದು ಕಿಲೋಮೀಟರ್ ಇಲ್ಲ. ಮಳೆಗಾಲದಲ್ಲಿ ಕಾಲಿನ ಕೆಳಗಿನ ಮ್ಯಾಟ್ ಒಣಗಿದ್ದೇ ಇಲ್ಲ. ಕಾರ್ಪೆಟ್ ಕೆಳಗಿನ ಫೋಮ್ ನೀರು ಕುಡಿದು ಕೂತಿತ್ತು. ಅದನ್ನು ಎತ್ತಿದರೆ ಡ್ರೈವರ್ ಕಡೆಯ ಫ್ಲೋರ್ ಸ್ಕ್ರೂಡ್ರೈವರ್ ತಾಗಿದ ತಕ್ಷಣ ಹಪ್ಪಳದ ಹಾಗೆ ಮುರಿಯಿತು. ಕೆಳಗಿನ ಕಾಂಕ್ರೀಟ್ ಕಾಣಿಸಿತು.

ಅದಕ್ಕೂ ಎರಡು ವರ್ಷ ಮೊದಲು ಒಬ್ಬರ ಹತ್ತಿರ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೆ, 3,800. ಅವರು ಹಳೇ ತುಕ್ಕನ್ನು ಉಜ್ಜಲೇ ಇಲ್ಲ, ಅದರ ಮೇಲೇ ಕಪ್ಪು ಬಳಿದುಬಿಟ್ಟರು. ಮೇಲಿನಿಂದ ನೋಡಿದರೆ ಹೊಸ ಗಾಡಿ. ಒಳಗೆ ಉಪ್ಪು, ನೀರು ಸಿಕ್ಕಿಹಾಕಿಕೊಂಡು ತಿನ್ನುತ್ತಲೇ ಇತ್ತು. ಕೋಟಿಂಗ್ ಮಾಡಿಸದಿದ್ದರೆ ತೂತು ಮೊದಲೇ ಕಾಣುತ್ತಿತ್ತು.

ಟಿಂಕರಿಂಗ್‌ನವರು ಗ್ಯಾಸ್ ವೆಲ್ಡಿಂಗ್‌ನಲ್ಲಿ ತೇಪೆ ಹಾಕಿದರು, 6,500. ಆ ಶಾಖಕ್ಕೆ ಸುತ್ತಲಿನ ತೆಳು ಶೀಟು ಸೊಟ್ಟಗಾಯಿತು. ಮುಂದಿನ ಮಳೆಗಾಲಕ್ಕೆ ತೇಪೆಯ ಅಂಚಿನಲ್ಲೇ ಮತ್ತೆ ತೂತು. ಆಮೇಲೆ ನಾನೇ ಕೂತೆ. ಸೀಟು, ಕಾರ್ಪೆಟ್ ತೆಗೆದು, ಬ್ಯಾಟರಿ ಬಿಚ್ಚಿ, ವೈರ್ ಬ್ರಶ್‌ನಿಂದ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿದೆ. ತುಕ್ಕು ಕನ್ವರ್ಟರ್ 450, ಎಪಾಕ್ಸಿ ಪ್ರೈಮರ್ 1,100, ಸೀಮ್ ಸೀಲೆಂಟ್ 600, ಶೀಟು 900. ಶಾಖ ಕಡಿಮೆ ಹರಡುವ ಸಿಒ2 ವೆಲ್ಡಿಂಗ್‌ಗೆ ಮಾತ್ರ ಅದು ಗೊತ್ತಿದ್ದವರನ್ನು ಮನೆಗೆ ಕರೆಸಿದೆ, 4,000. ಪೆಟ್ರೋಲ್ ಪೈಪ್ ಫ್ಲೋರಿನ ಅಡಿಯಲ್ಲೇ ಹೋಗುತ್ತದೆ, ಅದನ್ನು ಬಿಚ್ಚದೆ ವೆಲ್ಡಿಂಗ್ ಹಚ್ಚಲು ಬಿಡಲೇಬೇಡಿ. ಬಾಗಿಲಿನ ಕೆಳಗಿನ ಡ್ರೈನ್ ತೂತುಗಳಲ್ಲಿ ಕೂತಿದ್ದ ಮಣ್ಣು ತೆಗೆದಾಗ ಕಪ್ಪು ನೀರು ಸುರಿಯಿತು. ಆ ತೂತಿಗೆ ಒಂದು ತಂತಿ ಹಾಕಿ ಆಡಿಸಲು ಯಾವ ದುಡ್ಡೂ ಬೇಡ. ಇಷ್ಟು ಮಾಡಿದರೂ ಹಿಂದಿನ ಚಕ್ರದ ಆರ್ಚ್ ಉಳಿಯಲಿಲ್ಲ. ಗಾಡಿ ಈಗ ನಿಂತಿದೆ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹುಬ್ಬಳ್ಳಿ_ಪದ್ಮಿನಿ
ನಮ್ಮದು 1989ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ, ಇಂಜಿನ್ ಇನ್ನೂ ಬೋರ್ ಕೂಡ ಆಗಿಲ್ಲ. ಪಾಯಿಂಟು, ಕಂಡೆನ್ಸರು, ಕಾರ್ಬೊರೇಟರ್ ಎಲ್ಲಾ ನಾನೇ ನೋಡುತ್ತೇನೆ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿದರೆ ಪೆಟ್ರೋಲ್ ಆವಿಯಾಗಿ ಪೈಪ್ ಕಟ್ಟುವ ವೇಪರ್ ಲಾಕ್ ಬಿಡುತ್ತದೆ, ಇದನ್ನು ಯಾವ ಶೋರೂಮಿನವರೂ ಹೇಳಲ್ಲ ನೋಡ್ರಿ.

800ರವರಿಗೆ ಒಂದು ಮಾತು. ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ಇದೆಯಲ್ಲ, ಮೊದಲು ಅದನ್ನು ಕಿತ್ತು ಬಿಸಾಡಿ. ನಮ್ಮ ಬಿಸಿಲಿಗೆ ಅದು ಬೇಡ. ಅದು ಒಮ್ಮೆ ಮುಚ್ಚಿಕೊಂಡು ಕೂತರೆ ಹೆಡ್ ಹೋಯಿತು ಅಂತಲೇ ಲೆಕ್ಕ. ನನ್ನದು ತೆಗೆದು ಎಷ್ಟೋ ವರ್ಷ ಆಯಿತು, ಒಮ್ಮೆಯೂ ಬಿಸಿಯಾಗಿಲ್ಲ.

ಕೋಲಾರ_ಎಸ್ಟೀಮ್
ದಯವಿಟ್ಟು ಯಾರೂ ವಾಲ್ವ್ ತೆಗೆಯಬೇಡಿ. ಹಳೇ ಗಾಡಿಗಳ ಮೈಲೇಜ್ ಹಾಳಾಗಿದ್ದೇ ಈ ಸಲಹೆಯಿಂದ. ವಾಲ್ವ್ ಇಲ್ಲದಿದ್ದರೆ ಇಂಜಿನ್ ಸರಿಯಾದ ಶಾಖಕ್ಕೆ ಬರೋದೇ ಇಲ್ಲ. ಪೆಟ್ರೋಲ್ ಪೂರ್ತಿ ಉರಿಯಲ್ಲ, ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗಲ್ಲ, ಕೆಸರು ಕಟ್ಟುತ್ತದೆ.

ಅನುಮಾನ ಇದ್ದರೆ ಪರೀಕ್ಷೆ ಮಾಡಿ. ನಾನು ಒಲೆಯ ಮೇಲೆ ಪಾತ್ರೆ ಇಟ್ಟು, ವಾಲ್ವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟೆ, ತಳಕ್ಕೆ ತಾಗದ ಹಾಗೆ. ಪಕ್ಕದಲ್ಲಿ ಥರ್ಮಾಮೀಟರ್. 80 ದಾಟಿದ ಮೇಲೆ ಒಳಗಿನ ಮೇಣ ಉಬ್ಬಿ ಮುಚ್ಚಳ ಮೆಲ್ಲಗೆ ಮೇಲೇಳಲು ಶುರುವಾಯಿತು. ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿತ್ತು. ಹಾಗೆ ತೆರೆದರೆ ವಾಲ್ವ್ ಸರಿ ಇದೆ ಎಂದರ್ಥ. ತೆರೆಯದಿದ್ದರೆ ಹೊಸದು 400, 500 ರೂಪಾಯಿಗೆ ಸಿಗುತ್ತದೆ.

ನನ್ನ ಎಸ್ಟೀಮ್ ಬಿಸಿಯಾಗುತ್ತಿದ್ದುದಕ್ಕೆ ನಿಜವಾದ ಕಾರಣ ನಮ್ಮ ಬೋರ್‌ವೆಲ್ ನೀರು. ಹಿಂದಿನ ಮಾಲೀಕರು ವರ್ಷಗಟ್ಟಲೆ ಅದನ್ನೇ ಸುರಿದಿದ್ದರು. ರೇಡಿಯೇಟರ್ ಟ್ಯಾಂಕ್ ಬಿಚ್ಚಿದರೆ ಟ್ಯೂಬುಗಳ ಬಾಯಿ ಬಿಳಿ ಸುಣ್ಣದಿಂದ ಅರ್ಧ ಮುಚ್ಚಿತ್ತು. ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ, ಲೀಟರಿಗೆ 20 ರೂಪಾಯಿ. ಅದಕ್ಕೂ ಜಿಪುಣತನ ಮಾಡಿದರೆ ಗಾಡಿ ಇಟ್ಟುಕೊಳ್ಳಬಾರದು.

ಹುಬ್ಬಳ್ಳಿ_ಪದ್ಮಿನಿ
ಜಿಪುಣತನ ಅಂತ ಯಾರಿಗೆ ಹೇಳುತ್ತೀರಿ? ನಾನು ಆ ಗಾಡಿಗೆ ಹಾಕಿದ ದುಡ್ಡಿನಲ್ಲಿ ಹೊಸದು ಬರುತ್ತಿತ್ತು. ಕ್ಲಚ್ ಪ್ಲೇಟ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರೋಡಿನವರೆಗೆ ಹೋಗಿದ್ದೇನೆ. ಪಾತ್ರೆಯಲ್ಲಿ ತೆರೆದ ವಾಲ್ವ್ ಹೈವೇಯಲ್ಲೂ ತೆರೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ನನಗೆ ದಾರಿಯಲ್ಲಿ ಕೈಕೊಟ್ಟಿದೆ, ಅದಕ್ಕೇ ಹೇಳಿದೆ.

ಕೋಲಾರ_ಎಸ್ಟೀಮ್
ಕೈಕೊಟ್ಟರೆ ಹೊಸದು ಹಾಕಬೇಕು. ಕಿತ್ತೆಸೆಯೋದು ರಿಪೇರಿ ಅಲ್ಲ. ನಿಮ್ಮ ಪದ್ಮಿನಿ ಈಗ ಲೀಟರಿಗೆ ಎಷ್ಟು ಕೊಡುತ್ತದೆ, ಅದನ್ನು ಹೇಳಿ.

ಹುಬ್ಬಳ್ಳಿ_ಪದ್ಮಿನಿ
ಹತ್ತು. ಮೊದಲು ಹನ್ನೆರಡು ಇತ್ತು. ಅದು ವಾಲ್ವಿನಿಂದ ಅಲ್ಲ, ಶೇಕಡ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನಿಂದ. ಹಳೇ ರಬ್ಬರ್ ಹೋಸ್ ಮೆತ್ತಗಾಗಿ ಒಳಪದರ ಎದ್ದು ಬಂದಿತ್ತು, ಅದೇ ಚೂರು ಕಾರ್ಬೊರೇಟರಿನ ಜೆಟ್‌ನಲ್ಲಿ ಸಿಕ್ಕಿಕೊಂಡಿತ್ತು. ಪಂಪಿನ ಡಯಾಫ್ರಮ್ಮೂ ಬಿಗಿ ಕಳೆದುಕೊಂಡಿತ್ತು. ಹೋಸ್, ಕ್ಲಿಪ್, ಪಂಪ್ ಕಿಟ್, ಕಾರ್ಬೊರೇಟರ್ ಕಿಟ್, ಎಲ್ಲಾ ಸೇರಿ 2,900. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಎಥನಾಲ್ ತೇವ ಹೀರಿಕೊಂಡು ಟ್ಯಾಂಕಿಗೂ ತುಕ್ಕು ಹಿಡಿಸುತ್ತದೆ. ಮೈಸೂರಿನವರ ಬೆಳಗಿನ ಸ್ಟಾರ್ಟಿಂಗ್ ತೊಂದರೆಯೂ ಇದೇ ಇರಬೇಕು.

ಕೋಲಾರ_ಎಸ್ಟೀಮ್
ಇ20ಯಿಂದ ಮೈಲೇಜ್ ಇಳಿಯುತ್ತದೆ, ಒಪ್ಪುತ್ತೇನೆ. ಹಳೇ ಗಾಡಿಗಳಲ್ಲಿ ಶೇಕಡ 6ರಿಂದ 7 ಇಳಿಯಬಹುದು ಅಂತ 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಹನ್ನೆರಡರಲ್ಲಿ ಶೇಕಡ 7 ಅಂದರೆ ಒಂದು ಕಿಲೋಮೀಟರ್ ಕೂಡ ಆಗಲ್ಲ. ಉಳಿದದ್ದು ನೀವು ಕಿತ್ತ ವಾಲ್ವಿನ ಲೆಕ್ಕಕ್ಕೆ. ಮತ್ತೆ ಇ20ಗೂ ರೇಡಿಯೇಟರ್ ನೀರು ಮಾಯವಾಗುವುದಕ್ಕೂ ಸಂಬಂಧವೇ ಇಲ್ಲ.

ತುಮಕೂರು_ಗ್ಯಾರೇಜೇಸರಿ
ನೀವೆಲ್ಲ ಇಷ್ಟು ಹೊಡೆದಾಡುತ್ತೀರಿ, ಆರ್‌ಸಿ ರಿನ್ಯೂವಲ್ ಬಗ್ಗೆ ಒಬ್ಬರೂ ಮಾತಾಡಲಿಲ್ಲ. 15 ವರ್ಷ ದಾಟಿದ ಕಾರಿಗೆ 600 ಇದ್ದ ಫೀಸು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. 1998ರ ಗಾಡಿಗೆ ಹೆಡ್ ಕೆಲಸ, ಟೈರ್, ಇನ್ಶೂರೆನ್ಸ್, ಅದರ ಮೇಲೆ ಈ ಹತ್ತು ಸಾವಿರ. ಗಾಡಿ ಮಾರಿದರೂ ಅಷ್ಟು ಬರಲ್ಲ. ಗುಜರಿಗೆ ಹಾಕೋದು ಜಾಣತನ.

ಉಡುಪಿ_ಜೆನ್97
ಅಪ್ಪನ ಗಾಡಿ ಅಂತ ಬರೆದಿದ್ದಾರೆ, ಓದಲಿಲ್ವಾ? ಗುಜರಿ ಮಾತು ಯಾಕೆ ಬಂತು? ನನ್ನ ಜೆನ್ ಅಂಗಳದಲ್ಲಿ ನಿಂತಿದೆ, ಅದನ್ನು ನಾನು ಇನ್ನೂ ಕೊಟ್ಟಿಲ್ಲ. ದುಡ್ಡಿನ ಲೆಕ್ಕ ಒಂದರಿಂದಲೇ ಯಾರೂ ಹಳೇ ಗಾಡಿ ಇಟ್ಟುಕೊಳ್ಳಲ್ಲ.

ತುಮಕೂರು_ಗ್ಯಾರೇಜೇಸರಿ
ಕೇಳಿದ್ದು ಖರ್ಚು ಎಷ್ಟು ಅಂತ. ನಾನು ಖರ್ಚು ಹೇಳಿದೆ. ಅದರಲ್ಲಿ ಕೋಪ ಮಾಡಿಕೊಳ್ಳುವುದು ಏನಿದೆ?

ಮೈಸೂರು_ಬಿಳಿ800
ಎಲ್ಲರಿಗೂ ಧನ್ಯವಾದ. ಗಾಡಿ ಮಾರಲ್ಲ, ಫೀಸು ಕಟ್ಟಿಯಾಗಿದೆ. ಹಾಸನದವರು ಹೇಳಿದ ಹಾಗೆ ನಿನ್ನೆ ಪ್ಲಗ್ ಬಿಚ್ಚಿದೆ. ಮಧ್ಯದ್ದು ಬೆಳ್ಳಗಿದೆ, ಉಳಿದ ಎರಡು ಕಂದು. ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆಯೂ ಬಂತು. ಆಯಿಲ್ ಕ್ಯಾಪ್ ಒಳಗೆ ಮಾತ್ರ ಬೆಣ್ಣೆ ಬಣ್ಣದ ಕೆಸರೇನೂ ಇಲ್ಲ. ಹೆಡ್ ಬಿಚ್ಚುವ ಧೈರ್ಯ ಮಾಡಲೇ?

ಹಾಸನ_ಕಾರ್ಬೊ
ಮಾಡಿ. ಆಯಿಲ್‌ಗೆ ನೀರು ಸೇರಿಲ್ಲ, ಅದು ಒಳ್ಳೆಯ ಸುದ್ದಿ. ರಾತ್ರಿ ಆ ಸಿಲಿಂಡರಿಗೆ ನೀರು ಜಿನುಗಿ ಕೂರುತ್ತದೆ, ಬೆಳಿಗ್ಗೆ ಒದ್ದೆ ಪ್ಲಗ್ ಕಿಡಿ ಕೊಡಲ್ಲ. ನಿಮ್ಮ ಎರಡೂ ತೊಂದರೆ ಒಂದೇ. ಬಿಚ್ಚುವವರೆಗೂ ದೂರ ಓಡಿಸಬೇಡಿ, ಬಿಸಿಯಾದರೆ ಹೆಡ್ ಸೊಟ್ಟಗಾಗುತ್ತದೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಅಂದರೆ ಮಾರನೇ ದಿನವೇ ಬಿಚ್ಚಿ. ಬಿಚ್ಚುವ ಮೊದಲು ಟೈಮಿಂಗ್ ಗುರುತುಗಳ ಫೋಟೋ ತೆಗೆಯಿರಿ. ವ್ಯಾಕ್ಯೂಮ್ ಪೈಪುಗಳಿಗೆ ಒಂದೊಂದಕ್ಕೂ ಟೇಪ್ ಸುತ್ತಿ ನಂಬರ್ ಹಾಕಿ, ಕಾರ್ಬೊರೇಟರ್ ಸುತ್ತ ಅವು ಎಷ್ಟಿವೆ ಅಂತ ಬಿಚ್ಚಿದ ಮೇಲೇ ಗೊತ್ತಾಗೋದು. ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ, ಬಿಗಿ ಮಾಡುವಾಗ ಮಧ್ಯದಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ. ಬೋಲ್ಟ್ ತೂತುಗಳಲ್ಲಿ ನೀರು, ಎಣ್ಣೆ ನಿಂತಿದ್ದರೆ ಬಟ್ಟೆಯಿಂದ ಹೀರಿ ತೆಗೆಯಿರಿ. ಇಲ್ಲದಿದ್ದರೆ ಟಾರ್ಕ್ ರೆಂಚ್ ತೋರಿಸುವುದೇ ಸುಳ್ಳಾಗುತ್ತದೆ. ಹೆಡ್ಡನ್ನು ನೀವು ಫೀಲರ್ ಗೇಜ್‌ನಿಂದ ನೋಡಿದರೂ ಲೇತ್‌ಗೆ ಕೊಟ್ಟು ಒಮ್ಮೆ ಚೆಕ್ ಮಾಡಿಸಿ. ಗ್ಯಾಸ್ಕೆಟ್ ಮಾತ್ರ ಕಂಪನಿಯ ಅಧಿಕೃತ ಸ್ಪೇರ್ಸ್ ಅಂಗಡಿಯಲ್ಲೇ ತಗೊಳ್ಳಿ, ಬಿಲ್ ಕೇಳಿ.

ತುಮಕೂರು_ಗ್ಯಾರೇಜೇಸರಿ
ಮಾಡುವುದಾದರೆ ಮಾಡಿ, ಬ್ರೇಕಿಗೆ ಮಾತ್ರ ಕೈ ಹಾಕಬೇಡಿ. ಗಾಡಿ ಕೆಳಗೆ ಮಲಗುವುದಾದರೆ ಜಾಕಿ ನಂಬಬೇಡಿ, ಸಿಮೆಂಟ್ ಬ್ಲಾಕೂ ಬೇಡ, ಭಾರಕ್ಕೆ ಒಡೆಯುತ್ತದೆ. ಸ್ಟ್ಯಾಂಡ್ ತಗೊಳ್ಳಿ, ಜೋಡಿಗೆ 1,500 ಆಗಬಹುದು.

ಹುಬ್ಬಳ್ಳಿ_ಪದ್ಮಿನಿ
ಹೆಡ್ ಹೇಗೂ ಬಿಚ್ಚುತ್ತೀರಿ. ಆ ವಾಲ್ವನ್ನೂ ಅದೇ ಹೊತ್ತಿಗೆ ತೆಗೆದುಬಿಡಿ.

ಕೋಲಾರ_ಎಸ್ಟೀಮ್
ತೆಗೆಯಬೇಡಿ. ಹೊಸದು ಹಾಕಿ.