ವೇಪ್ ಪಾಡ್ ಕಿಟ್‌ನಲ್ಲಿ ಹೊಗೆ ಕಮ್ಮಿ, ಸುಟ್ಟ ರುಚಿ ಜಾಸ್ತಿ. ದೊಡ್ಡ ಮಾಡ್ (ಹೆಚ್ಚು ಪವರಿನ ವೇಪ್) ತಗೊಳ್ಳಬೇಕಾ?

ಮಂಜ_ಎಂಕೆ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಸಿಗರೇಟು ಬಿಡಲು ಡಿಸ್ಪೋಸಬಲ್ ವೇಪ್ (ಬಳಸಿ ಬಿಸಾಡುವ ಇ ಸಿಗರೇಟು) ಹಿಡಿದಿದ್ದೆ. 2025ರ ಜೂನ್ 1ರಿಂದ ಇಲ್ಲಿ ಅವುಗಳ ಮಾರಾಟ ನಿಷೇಧವಾಯಿತಲ್ಲ, ಆಮೇಲೆ ರೀಫಿಲ್ ಮಾಡುವ ಪಾಡ್ ಕಿಟ್ ತಗೊಂಡೆ. ಆದರೆ ಡಿಸ್ಪೋಸಬಲ್‌ನಲ್ಲಿ ಬರುತ್ತಿದ್ದ ಮಜಾ ಇದರಲ್ಲಿ ಇಲ್ಲವೇ ಇಲ್ಲ.

ವಿವರ ಹೀಗಿದೆ. 2 ಎಂಎಲ್ ಪಾಡ್ (ವೇಪ್ ದ್ರವ, ಅಂದರೆ ಜ್ಯೂಸ್, ತುಂಬುವ ಡಬ್ಬಿ), 0.8 ಓಮ್ ಮೆಶ್ ಕಾಯಿಲ್ (ಜ್ಯೂಸ್ ಕಾಯಿಸುವ ಭಾಗ), ಒಳಗೇ ಇರುವ ಬ್ಯಾಟರಿ, ಗರಿಷ್ಠ 25 ವ್ಯಾಟ್. ಜ್ಯೂಸ್ ಮಾವಿನ ರುಚಿಯ ಶಾರ್ಟ್‌ಫಿಲ್ (ನಿಕೋಟಿನ್ ನಾವೇ ಬೆರೆಸಿಕೊಳ್ಳುವ ಜ್ಯೂಸ್), 70 ವಿಜಿ (ಗ್ಲಿಸರಿನ್) 30 ಪಿಜಿ (ಪ್ರೊಪಿಲೀನ್ ಗ್ಲೈಕಾಲ್), 50 ಎಂಎಲ್‌ಗೆ ಒಂದು 10 ಎಂಎಲ್‌ನ 18 ಎಂಜಿ ನಿಕ್ ಶಾಟ್ (ನಿಕೋಟಿನ್ ದ್ರವದ ಸಣ್ಣ ಬಾಟಲ್) ಹಾಕಿದ್ದೇನೆ. ವಿಜಿ ಜಾಸ್ತಿ ಇದ್ದರೆ ಹೊಗೆ ಜಾಸ್ತಿ ಅಂತ ಅಂಗಡಿಯವನೇ ಕೊಟ್ಟಿದ್ದು. ಪವರ್ 22 ವ್ಯಾಟ್‌ಗೆ ಇಟ್ಟಿದ್ದೇನೆ.

ಮೊದಲ ಎರಡು ಮೂರು ದಮ್ಮು ಚೆನ್ನಾಗಿರುತ್ತದೆ. ಆಮೇಲೆ ಹೊಗೆ ತೆಳುವಾಗುತ್ತದೆ, ಗಂಟಲಲ್ಲಿ ಸುಟ್ಟ ಹತ್ತಿಯ ರುಚಿ. ಬರುತ್ತಿಲ್ಲವಲ್ಲ ಅಂತ ಜೋರಾಗಿ ಎಳೆದರೆ ಗುಳುಗುಳು ಸದ್ದು, ಕೆಲವು ಸಲ ಬಾಯಿಗೆ ಜ್ಯೂಸೇ ಬರುತ್ತದೆ. ವಾರ ತುಂಬುವುದರೊಳಗೆ ಕಾಯಿಲ್ ಕಪ್ಪಗಾಗಿರುತ್ತದೆ. ಪವರ್ ಸಾಲದೇನೋ, ದೊಡ್ಡ ಮಾಡ್‌ಗೆ ಹೋಗಲೇ? ಇನ್ನೊಂದು ವಿಷಯ, ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗುತ್ತಿದ್ದೇನೆ. ಜೊತೆಗೆ ಒಯ್ಯಬಹುದೇ?

ಕಾಯಿಲ್_ಕಾಕಾ:
ಹೊಸದೇನೂ ತಗೊಳ್ಳಬೇಡಿ. ನಿಮ್ಮ ಕಿಟ್‌ನಲ್ಲಿ ತಪ್ಪಿಲ್ಲ, ಜ್ಯೂಸ್ ಮತ್ತು ಕಾಯಿಲ್ ಒಂದಕ್ಕೊಂದು ಹೊಂದುತ್ತಿಲ್ಲ ಅಷ್ಟೇ.

ಕಾಯಿಲ್ ಒಳಗೆ ಏನಾಗುತ್ತದೆ ನೋಡಿ. ಮೆಶ್ ಅನ್ನುವುದು ತೂತು ತೂತಾದ ತೆಳು ಲೋಹದ ಹಾಳೆ. ಅದರ ಬೆನ್ನಿಗೆ ಹತ್ತಿ ಇರುತ್ತದೆ. ಹತ್ತಿ ಜ್ಯೂಸ್ ಹೀರಿಕೊಂಡು ಮೆಶ್‌ಗೆ ಕೊಡುತ್ತದೆ, ಮೆಶ್ ಅದನ್ನು ಆವಿ ಮಾಡುತ್ತದೆ. ವಿಜಿ ಅಂದರೆ ಗ್ಲಿಸರಿನ್, ಜೇನಿನ ಥರ ಮಂದ. ಪಿಜಿ ತೆಳು. ಪಾಡ್ ಕಾಯಿಲ್‌ನಲ್ಲಿ ಜ್ಯೂಸ್ ಒಳಗೆ ಬರುವ ತೂತುಗಳು ಸಣ್ಣವು. 70 ಭಾಗ ವಿಜಿ ಇರುವ ಜ್ಯೂಸ್ ಅದರೊಳಗೆ ನಿಧಾನವಾಗಿ ಹೋಗುತ್ತದೆ. ನೀವು 22 ವ್ಯಾಟ್ ಕೊಟ್ಟು ಮೇಲಿಂದ ಮೇಲೆ ಎಳೆದರೆ ಹತ್ತಿಯಲ್ಲಿದ್ದದ್ದು ಖಾಲಿಯಾಗುತ್ತದೆ, ಹಿಂದಿನಿಂದ ಬರಬೇಕಾದ್ದು ಇನ್ನೂ ಬಂದಿರುವುದಿಲ್ಲ. ಮೊದಲ ಎರಡು ಮೂರು ದಮ್ಮು ಚೆನ್ನಾಗಿರುವುದು, ಆಮೇಲೆ ಸುಡುವುದು, ಎರಡಕ್ಕೂ ಇದೇ ಕಾರಣ. ಆವಿ ಆಗುವುದು ಜ್ಯೂಸ್ ತಾನೇ. ಅಲ್ಲಿ ಜ್ಯೂಸೇ ಇಲ್ಲದಿದ್ದರೆ ಎಷ್ಟು ವ್ಯಾಟ್ ಕೊಟ್ಟರೂ ಹತ್ತಿ ಸುಡುತ್ತದೆ ಅಷ್ಟೇ. ಮತ್ತೆ, ಆ ಒಣ ದಮ್ಮು ಬರೀ ರುಚಿಯ ಸಮಸ್ಯೆಯಲ್ಲ. ಗ್ಲಿಸರಿನ್ ಅತಿಯಾಗಿ ಕಾದರೆ ಆಕ್ರೋಲಿನ್, ಫಾರ್ಮಾಲ್ಡಿಹೈಡ್ ಥರದ್ದು ಹುಟ್ಟುತ್ತದೆ. ಸುಟ್ಟ ರುಚಿ ಬಂದ ತಕ್ಷಣ ನಿಲ್ಲಿಸಿ.

ಈಗ ಮಾಡಬೇಕಾದದ್ದು. ಸುಟ್ಟ ಹತ್ತಿ ಮತ್ತೆ ಸರಿಯಾಗುವುದಿಲ್ಲ, ಹಾಗಾಗಿ ಮೊದಲು ಕಾಯಿಲ್ ಬದಲಿಸಿ. ಕಾಯಿಲ್ ಮೇಲೋ ಡಬ್ಬಿಯ ಮೇಲೋ ಇಷ್ಟರಿಂದ ಇಷ್ಟು ವ್ಯಾಟ್ ಅಂತ ಬರೆದಿರುತ್ತಾರೆ. 0.8ಕ್ಕೆ ಸಾಮಾನ್ಯವಾಗಿ 12ರಿಂದ 16ರ ಆಸುಪಾಸು ಇರುತ್ತದೆ. ಕಿಟ್‌ನ ಗರಿಷ್ಠ 25 ಅಂದರೆ ಈ ಕಾಯಿಲ್‌ಗೆ 25 ಅಂತಲ್ಲ. ಹೊಸ ಕಾಯಿಲ್‌ನಲ್ಲಿ ಕಾಣುವ ಹತ್ತಿಗೆ ಎರಡು ಮೂರು ಹನಿ ಜ್ಯೂಸ್ ಬಿಡಿ, ಪಾಡ್ ತುಂಬಿಸಿ, 10 ನಿಮಿಷ ಸುಮ್ನೆ ಬಿಡಿ. ಎಲ್ಲರೂ ಆತುರ ಪಡುವುದು ಇಲ್ಲೇ. ಆಮೇಲೆ 11 ವ್ಯಾಟ್‌ನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಏರಿಸಿ. ರುಚಿ ಚೆನ್ನಾಗಿ ಬಂದಲ್ಲಿ ನಿಲ್ಲಿ.

ಎಳೆಯುವ ರೀತಿಯೂ ಬದಲಾಗಬೇಕು. ಸಿಗರೇಟನ್ನು ನಾವು ಚುರುಕಾಗಿ, ಗಟ್ಟಿಯಾಗಿ ಎಳೆಯುತ್ತೇವೆ. ಇಲ್ಲಿ ಅದು ಉಲ್ಟಾ. ಜೋರಾಗಿ ಎಳೆದರೆ ಆವಿಯಾಗದ ಜ್ಯೂಸ್ ಹಾಗೇ ಮೇಲಿನ ಕೊಳವೆಗೆ ಬರುತ್ತದೆ. ನಿಮ್ಮ ಗುಳುಗುಳು ಸದ್ದು ಅದೇ. ಮೆಲ್ಲಗೆ ಮೂರು ನಾಲ್ಕು ಸೆಕೆಂಡು ಎಳೆಯಿರಿ, ಮುಂದಿನ ದಮ್ಮಿಗೆ ಮೊದಲು ಅರ್ಧ ನಿಮಿಷ ಬಿಡಿ, ಹತ್ತಿ ತುಂಬಿಕೊಳ್ಳಲಿ. ಏರ್‌ಫ್ಲೋ ತೂತನ್ನು ಅರ್ಧಕ್ಕೆ ಇಟ್ಟು ನೋಡಿ. ಪೂರ್ತಿ ತೆರೆದರೆ ಗಾಳಿ ಬೆರೆತು ತೆಳುವಾಗುತ್ತದೆ, ಪೂರ್ತಿ ಮುಚ್ಚಿದರೆ ಬಿಸಿ ಮತ್ತು ಒತ್ತಡ ಎರಡೂ ಜಾಸ್ತಿ.

ಕೊನೆಯದು, ನನಗೆ ಮುಖ್ಯ ಅನ್ನಿಸುವುದು. 50 ಎಂಎಲ್‌ಗೆ ಒಂದು ಶಾಟ್ ಅಂದರೆ ಒಂದು ಎಂಎಲ್‌ಗೆ 3 ಎಂಜಿ ನಿಕೋಟಿನ್. ನೀವು ಮೊದಲು ಸೇದುತ್ತಿದ್ದ ಡಿಸ್ಪೋಸಬಲ್ ಬಹುಶಃ 20 ಎಂಜಿ ನಿಕ್ ಸಾಲ್ಟ್ (ನಿಕೋಟಿನ್ ಲವಣದ ಜ್ಯೂಸ್), ಇಲ್ಲಿ ಕಾನೂನು ಅದಕ್ಕಿಂತ ಜಾಸ್ತಿ ಬಿಡುವುದಿಲ್ಲ. 20ರಿಂದ ಒಮ್ಮೆಲೇ 3ಕ್ಕೆ ಇಳಿದಿದ್ದೀರಿ, ಅದೂ ಸಣ್ಣ ಪಾಡ್‌ನಲ್ಲಿ. ಸಾಲುತ್ತಿಲ್ಲ ಅಂತ ದೇಹ ಕೇಳುತ್ತಿದೆ, ನೀವು ಹೊಗೆ ಸಾಲುತ್ತಿಲ್ಲ ಅಂದುಕೊಂಡು ಜೋರಾಗಿ ಎಳೆಯುತ್ತಿದ್ದೀರಿ. ವಿಜಿ ಪಿಜಿ 50/50 ಇರುವ ನಿಕ್ ಸಾಲ್ಟ್, 10 ಎಂಜಿ, ಒಂದು 10 ಎಂಎಲ್ ಬಾಟಲ್ ತಂದು ನೋಡಿ.

ಬ್ಯಾಟರಿ_ಭಟ್ಟ:
ಕಾಕಾ ಹೇಳಿದ್ದು ಸರಿ. ಆದರೆ ಅವರು ಕೇಳಿದ್ದು ದೊಡ್ಡ ಮಾಡ್ ಬಗ್ಗೆಯೂ ಅಲ್ವಾ, ಅದಕ್ಕೂ ಉತ್ತರ ಬರಲಿ.

ನಿಜವಾಗಿ ಮೋಡದಂಥ ಹೊಗೆ ಬೇಕು ಅಂದರೆ ಅದು ಸಬ್ ಓಮ್ ಲೋಕ. 0.15ರಿಂದ 0.4 ಓಮ್ ಕಾಯಿಲ್, 40ರಿಂದ 80 ವ್ಯಾಟ್, ದೊಡ್ಡ ಗಾಳಿ ತೂತು, ಬಾಯಲ್ಲಿ ನಿಲ್ಲಿಸದೆ ನೇರ ಶ್ವಾಸಕೋಶಕ್ಕೆ ಎಳೆಯುವುದು. ನಿಮ್ಮ 70/30, 3 ಎಂಜಿ ಜ್ಯೂಸ್ ಹುಟ್ಟಿದ್ದೇ ಅದಕ್ಕೆ. ಆ ಕಾಯಿಲ್‌ನ ತೂತು ದೊಡ್ಡದು, ಮಂದ ಜ್ಯೂಸ್ ಸಲೀಸಾಗಿ ಒಳಗೆ ಹೋಗುತ್ತದೆ. ಆದರೆ ಅದರಲ್ಲಿ 20 ಎಂಜಿ ಸಾಲ್ಟ್ ಹಾಕಬೇಡಿ, ಒಂದು ದಮ್ಮಿಗೆ ಅಷ್ಟು ಆವಿ ಹೋದರೆ ತಲೆ ಸುತ್ತಿ ವಾಂತಿ ಬರುತ್ತದೆ.

ಲೆಕ್ಕ ಸುಲಭ. ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್. ತುಂಬಿದ ಲಿಥಿಯಂ ಬ್ಯಾಟರಿ 4.2 ವೋಲ್ಟ್. 0.8 ಓಮ್‌ಗೆ 22 ವ್ಯಾಟ್ ಆಯಿತು. ಬ್ಯಾಟರಿ 3.4ಕ್ಕೆ ಇಳಿದಾಗ ಅದೇ ಕಾಯಿಲ್‌ಗೆ ಸಿಗುವುದು 14.5 ಮಾತ್ರ. ಕೆಲವು ಅಗ್ಗದ ಪಾಡ್‌ಗಳು ಬ್ಯಾಟರಿಯ ವೋಲ್ಟೇಜನ್ನೇ ನೇರ ಕಾಯಿಲ್‌ಗೆ ಕೊಡುತ್ತವೆ. ಬೆಳಿಗ್ಗೆ ಒಳ್ಳೆ ಹೊಗೆ, ಸಂಜೆ ಹೊತ್ತಿಗೆ ಸಪ್ಪೆ ಅಂತ ಜನ ದೂರುವುದು ಇದಕ್ಕೇ. ವ್ಯಾಟ್ ಹೊಂದಿಸಲು ಬರುವ ಕಿಟ್‌ನಲ್ಲಿ ಒಳಗಿನ ಚಿಪ್ ಇದನ್ನು ಸರಿದೂಗಿಸುತ್ತದೆ.

ಬ್ಯಾಟರಿ ಹೊರಗೆ ತೆಗೆಯುವ ಮಾಡ್ ತಗೊಂಡರೆ 18650 ಸೆಲ್ (ಬಿಡಿಯಾಗಿ ಹಾಕುವ ಲಿಥಿಯಂ ಬ್ಯಾಟರಿ) ಬಗ್ಗೆ ಮೊದಲು ಓದಿ. 0.2 ಓಮ್ ಕಾಯಿಲ್ 4.2 ವೋಲ್ಟ್‌ನಲ್ಲಿ 21 ಆಂಪ್ ಎಳೆಯುತ್ತದೆ. ಸ್ಯಾಮ್ಸಂಗ್ 25ಆರ್‌ನಂಥ ಒಳ್ಳೆ ಸೆಲ್ಲಿನ ಮಿತಿಯೇ 20. ಚಿಪ್ ಇಲ್ಲದ ಮೆಕ್ಯಾನಿಕಲ್ ಮಾಡ್‌ನಲ್ಲಿ ಇದು ಆಟವಲ್ಲ, ನಿಮ್ಮಂಥ ಹೊಸಬರು ಅದರ ಹತ್ತಿರವೂ ಹೋಗಬಾರದು. ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬಳಸಬೇಡಿ. ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಇರುವ ಜೇಬಿಗೆ ಹಾಕಲೇಬೇಡಿ, ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ.

ಖರ್ಚೂ ಇದೆ. ಇಲ್ಲಿ ಟ್ಯಾಂಕ್ ಮಿತಿ 2 ಎಂಎಲ್, ಸಬ್ ಓಮ್‌ನಲ್ಲಿ ಅದು ನೋಡ ನೋಡುತ್ತ ಖಾಲಿ. 2026ರ ಅಕ್ಟೋಬರ್ 1ರಿಂದ 10 ಎಂಎಲ್‌ಗೆ 2.20 ಪೌಂಡ್ ಸುಂಕ, ನಿಕೋಟಿನ್ ಇಲ್ಲದ ಜ್ಯೂಸಿಗೂ ಸೇರಿ. ಶಾರ್ಟ್‌ಫಿಲ್ ಮತ್ತು ಶಾಟ್ ಕೂಡಿ 60 ಎಂಎಲ್ ಅಂದರೆ 13.20 ಪೌಂಡ್ ಬರೀ ಸುಂಕ, ಅದರ ಮೇಲೆ ಮೌಲ್ಯವರ್ಧಿತ ತೆರಿಗೆ. ಮೋಡ ಬಿಡುವುದು ಶ್ರೀಮಂತರ ಚಟವಾಗಲಿದೆ.

ಸಕ್ಕರೆ_ಬೇಡ:
ಕಾಯಿಲ್ ಬೇಗ ಕಪ್ಪಾಗುವುದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಿಮ್ಮ ಮಾವಿನ ರುಚಿಯೇ ಕಾರಣ. ಹಣ್ಣು, ಐಸ್‌ಕ್ರೀಮ್ ರುಚಿಯ ಜ್ಯೂಸಿಗೆ ಸುಕ್ರಲೋಸ್ ಸಿಹಿ ಹಾಕಿರುತ್ತಾರೆ. ಅದು ಆವಿಯಾಗಿ ಹೋಗದೆ ಮೆಶ್ ಮೇಲೆ ಕರಿ ಪದರವಾಗಿ ಕೂರುತ್ತದೆ. ಪದರ ದಪ್ಪವಾದಷ್ಟು ಹೊಗೆ ಕಡಿಮೆ. ಪುದೀನ, ತಂಬಾಕಿನ ರುಚಿಗೆ ಸಾಮಾನ್ಯವಾಗಿ ಸಿಹಿ ಕಮ್ಮಿ, ಅದೇ ಕಾಯಿಲ್ ಎಷ್ಟೋ ಹೆಚ್ಚು ದಿನ ಬರುತ್ತದೆ. ಒಮ್ಮೆ ಬದಲಿಸಿ ನೋಡಿ.

ಒಂದು ವಿಷಯದಲ್ಲಿ ಕಾಕಾ ಜೊತೆ ನನಗೆ ಜಗಳ. 0.8 ಮೆಶ್‌ಗೆ 50/50 ಕೆಲವು ಪಾಡ್‌ಗಳಲ್ಲಿ ತೀರಾ ತೆಳುವಾಗಿ ಸೋರುತ್ತದೆ. 60/40 ಸಿಕ್ಕರೆ ಅದೇ ಒಳ್ಳೆಯದು, ಹೊಗೆಯೂ ಒಂದು ಕೈ ಮೇಲು. 50/50 ಇರುವುದು 1 ಓಮ್, 1.2 ಓಮ್ ಕಾಯಿಲ್‌ಗೆ.

ಚಳಿಗಾಲದಲ್ಲಿ ವಿಜಿ ಇನ್ನೂ ಗಟ್ಟಿಯಾಗುತ್ತದೆ, ಬ್ಯಾಟರಿಯೂ ಮಂಕು. ಕಿಟ್ ಕೋಟಿನ ಒಳಜೇಬಿನಲ್ಲಿರಲಿ, ರಾತ್ರಿ ಕಾರಿನಲ್ಲಿ ಬಿಡಬೇಡಿ. ಪಾಡ್ ತೆಗೆದು ಅಡಿಯ ಕಾಂಟ್ಯಾಕ್ಟ್ ಪಿನ್‌ಗಳನ್ನು ಟಿಶ್ಯೂನಿಂದ ಆಗಾಗ ಒರೆಸಿ. ಅಲ್ಲಿ ತೇವ ನಿಂತರೆ ಕಿಟ್ ಓಮ್ ತಪ್ಪಾಗಿ ಓದುತ್ತದೆ, ದಮ್ಮು ಮಧ್ಯದಲ್ಲೇ ನಿಲ್ಲುತ್ತದೆ.

ಕಾಯಿಲ್_ಕಾಕಾ:
60/40 ಒಪ್ಪಿದೆ. ಆದರೆ ನಿಕ್ ಸಾಲ್ಟ್ ಬಾಟಲಿಗಳು ಜಾಸ್ತಿ ಸಿಗುವುದು 50/50ರಲ್ಲೇ. ಹುಡುಕಿಕೊಂಡು ಅಲೆಯುವ ಬದಲು ಸಿಕ್ಕಿದ್ದರಲ್ಲಿ ಶುರು ಮಾಡಲಿ ಅಂತ ಹೇಳಿದೆ.

ಪುಟ್ಟ_ಪ್ರಶ್ನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಜ್ಯೂಸಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿದರೆ ಗಂಟಲಿಗೆ ಹಿತ ಅಂತ ಒಬ್ಬ ಗೆಳೆಯ ಹೇಳಿದ. ಮಾಡಬಹುದೇ?

ಬ್ಯಾಟರಿ_ಭಟ್ಟ:
ಬೇಡ. ನೀಲಗಿರಿ, ಕೊಬ್ಬರಿ, ಯಾವ ಎಣ್ಣೆಯೂ ಬೇಡ. ಪಿಜಿ, ವಿಜಿ ನೀರಿನಲ್ಲಿ ಕರಗುತ್ತವೆ, ಎಣ್ಣೆ ಕರಗುವುದಿಲ್ಲ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿ ಸಾವಿರಾರು ಜನ ಆಸ್ಪತ್ರೆ ಸೇರಿದರಲ್ಲ, ಅದರಲ್ಲಿ ಹೆಚ್ಚಿನವರು ಸೇದಿದ್ದು ಗಾಂಜಾ ಅಂಶದ ಜ್ಯೂಸ್, ಅದಕ್ಕೆ ಬೆರೆಸಿದ್ದ ಎಣ್ಣೆಯಂಥ ವಿಟಮಿನ್ ಇ ಅಸಿಟೇಟ್ ಮೇಲೆ ತನಿಖೆಯ ಬೆರಳು ಹೋಯಿತು. ಗೆಳೆಯನಿಗೂ ಹೇಳಿ.

ರೀಡಿಂಗ್_ರೇಖಾ:
ಮೈಸೂರಿನ ಪ್ರಶ್ನೆಗೆ: ಒಯ್ಯಬೇಡಿ. ಭಾರತದಲ್ಲಿ 2019ರ ಕಾಯ್ದೆ ಪ್ರಕಾರ ಇ ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಸಂಗ್ರಹ, ಜಾಹೀರಾತು ಎಲ್ಲಾ ನಿಷೇಧ. ನಮ್ಮ ಕರ್ನಾಟಕ ಅದಕ್ಕೂ ಮೊದಲು 2016ರಲ್ಲೇ ನಿಲ್ಲಿಸಿತ್ತು. ಆಮದಿಗೆ ಮೊದಲ ಸಲವೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸ್ವಂತಕ್ಕೆ ಅಲ್ವಾ, ಏನೂ ಆಗುವುದಿಲ್ಲ ಅನ್ನುವವರು ಸಿಗುತ್ತಾರೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರ ಎದುರು ನಿಂತು ಆ ವಾದ ಮಾಡುವವರು ನೀವು, ಅವರಲ್ಲ. ನಿಕೋಟಿನ್ ಪ್ಯಾಚ್ ಅಥವಾ ಗಮ್ ತಗೊಂಡು ಹೋಗಿ. 2 ಎಂಜಿ ಗಮ್ ಅಲ್ಲಿನ ಮೆಡಿಕಲ್ ಶಾಪ್‌ಗಳಲ್ಲೂ ಸಿಗುತ್ತದೆ. ಊರಿಗೆ ಹೋದಾಗ ಪಾಡ್ ಇಲ್ಲ ಅಂತ ಗೆಳೆಯರ ಜೊತೆ ಮತ್ತೆ ಸಿಗರೇಟು ಹಚ್ಚಿದರೆ ಇಷ್ಟು ದಿನ ಮಾಡಿದ್ದೆಲ್ಲ ನೀರು ಪಾಲು, ಅದರ ಬಗ್ಗೆ ಈಗಲೇ ಯೋಚಿಸಿ.

ಇನ್ನೊಂದು ಮಾತು, ಕೋಪ ಬೇಡ. ಮೇಲಿನ ಅಷ್ಟೂ ಜನ ಹೊಗೆ ಹೇಗೆ ಜಾಸ್ತಿ ಮಾಡುವುದು ಅಂತ ಹೇಳಿದರು. ಸಿಗರೇಟಿಗಿಂತ ಇದರ ಅಪಾಯ ತುಂಬಾ ಕಡಿಮೆ, ಆದರೆ ಅಪಾಯವೇ ಇಲ್ಲ ಅಂತಲ್ಲ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ. ಸೇದದವರು ಶುರು ಮಾಡಲೇಬಾರದು ಅಂತಲೂ ಹೇಳುತ್ತದೆ. ನೀವು ಹಿಡಿದದ್ದು ಸಿಗರೇಟು ಬಿಡಲು. ಹಾಗಾದರೆ ಸಿಗರೇಟಿನ ಆಸೆ ತಣಿಯುವಷ್ಟು ಸಿಕ್ಕರೆ ಸಾಕು. 10 ಎಂಜಿಯಲ್ಲಿ ನೆಲೆ ನಿಲ್ಲಿ, ಸಿಗರೇಟು ನೆನಪಾಗದ ಮಟ್ಟಕ್ಕೆ ಬಂದ ಮೇಲೆ ಸ್ವಲ್ಪ ಸ್ವಲ್ಪ ಇಳಿಸಿ. ಸಬ್ ಓಮ್ ಹವ್ಯಾಸ ಅಂಟಿಸಿಕೊಂಡರೆ ಬಿಡುವುದಕ್ಕೆ ಇನ್ನೊಂದು ಚಟ ಸೇರಿದ ಹಾಗೆ.

ಬ್ಯಾಟರಿ_ಭಟ್ಟ:
ರೇಖಾ ಅವರೇ, ಬೈದಿದ್ದು ನನಗೇ ಅಂತ ಗೊತ್ತಾಯಿತು. ಒಪ್ಪುತ್ತೇನೆ, ಆದರೆ 3 ಎಂಜಿ ಸಬ್ ಓಮ್‌ನಲ್ಲೇ ಸಿಗರೇಟು ಬಿಟ್ಟವರೂ ಬೇಕಾದಷ್ಟು ಇದ್ದಾರೆ.

ಮಂಜ_ಎಂಕೆ:
ಎಲ್ಲರಿಗೂ ಥ್ಯಾಂಕ್ಸ್. ಹೊಸ 0.8 ಕಾಯಿಲ್ ಹಾಕಿದೆ. ಪುದೀನ 50/50 ಸಾಲ್ಟ್, 10 ಎಂಜಿ. ಈಗ 14 ವ್ಯಾಟ್‌ನಲ್ಲಿದ್ದೇನೆ. ಮೆಲ್ಲಗೆ ಎಳೆಯುವುದು ಮೊದಲು ಕಷ್ಟವಾಯಿತು, ಕೈ ಬಾಯಿ ಎರಡಕ್ಕೂ ಹಳೇ ಅಭ್ಯಾಸ. ಈಗ ಹೊಗೆ ದಟ್ಟವಾಗಿ ಬರುತ್ತಿದೆ, ಸುಟ್ಟ ರುಚಿ ಇಲ್ಲ. ಆಶ್ಚರ್ಯ ಏನಂದರೆ ದಿನವಿಡೀ ಕೈಯಲ್ಲೇ ಹಿಡಿದು ಓಡಾಡುತ್ತಿದ್ದವನು ಈಗ ಮೀಟಿಂಗ್ ಪೂರ್ತಿ ಮರೆತೇ ಇರುತ್ತೇನೆ. ಡಿಸೆಂಬರ್‌ಗೆ ಪ್ಯಾಚ್ ತಗೊಂಡು ಹೋಗುತ್ತೇನೆ, ಕಿಟ್ ಇಲ್ಲೇ.

ಸಕ್ಕರೆ_ಬೇಡ ಹೇಳಿದ ಸೋರಿಕೆ ಮಾತ್ರ ಇದೆ. ಬೆಳಿಗ್ಗೆ ಪಾಡ್ ತೆಗೆದರೆ ಅಡಿಯಲ್ಲಿ ಜಿಗುಟು.

ಸಕ್ಕರೆ_ಬೇಡ:
ನೋಡಿ ಕಾಕಾ!

ಕಾಯಿಲ್_ಕಾಕಾ:
ಇರಿ ಇರಿ. ಮಂಜ, ರಾತ್ರಿ ಕಿಟ್ ಮಲಗಿಸಿ ಇಡುತ್ತೀರಾ? ನಿಲ್ಲಿಸಿ ಇಡಿ, ಏರ್‌ಫ್ಲೋ ಮುಚ್ಚಿ. ತುಂಬಿಸುವಾಗ ಕಂಠದವರೆಗೆ ಬೇಡ, ಒಂದು ಸಣ್ಣ ಗಾಳಿಗುಳ್ಳೆಗೆ ಜಾಗ ಬಿಡಿ, ರಬ್ಬರ್ ಮುಚ್ಚಳವನ್ನು ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಆ ಒತ್ತಡಕ್ಕೇ ಜ್ಯೂಸ್ ಕಾಯಿಲ್ ಒಳಗೆ ನುಗ್ಗುತ್ತದೆ. ಕಾಯಿಲ್ ಬುಡದ ಓ ರಿಂಗ್ (ರಬ್ಬರ್ ಬಳೆ) ಹರಿದಿದೆಯಾ ನೋಡಿ. ಇಷ್ಟಾದರೂ ಸೋರಿದರೆ 60/40 ತಗೊಳ್ಳಿ, ನಾನು ಸುಮ್ಮನಿರುತ್ತೇನೆ.