ಹೋಂಸ್ಟೇ ಮೇಲ್ ಫೋನಿಗೆ ಹಾಕುವಾಗ ಪಾಪ್ ಇಡಬೇಕಾ, ಐಮ್ಯಾಪ್ ಇಡಬೇಕಾ?

ಕೇಳಿದವರು, ಭಾಗಮಂಡಲ ಕಡೆಯಿಂದ
ಬುಕಿಂಗಿಗೆ ನಮ್ಮದೇ ಡೊಮೈನ್ ಹೆಸರಿನ ಮೇಲ್ ಇದೆ. ತೋಟದ ಆಫೀಸಿನ ಕಂಪ್ಯೂಟರಲ್ಲಿ ಔಟ್‌ಲುಕ್, ಆಂಡ್ರಾಯ್ಡ್ ಫೋನಲ್ಲಿ ಜಿಮೇಲ್ ಆ್ಯಪ್. ಫೋನಿನಲ್ಲಿ ಕೆಲವು ಮೇಲ್ ಕಾಣಿಸುವುದೇ ಇಲ್ಲ. ಕಳಿಸುವುದು ವೈಫೈಯಲ್ಲಿ ಹೋಗುತ್ತೆ, ಡೇಟಾದಲ್ಲಿ ಔಟ್‌ಬಾಕ್ಸಲ್ಲೇ ಕೂರುತ್ತೆ. ಮಳೆ ಹಿಡಿಯುವ ಮೊದಲು ಸರಿ ಮಾಡಬೇಕು. ಯಾವ ಸೆಟ್ಟಿಂಗ್ ಇಡಲಿ?

ಮಡಿಕೇರಿಯಿಂದ
ಸರ್, ಫೋನನ್ನು ಬಿಡಿ, ಮೊದಲು ಕಂಪ್ಯೂಟರ್ ನೋಡಿ. ಔಟ್‌ಲುಕ್ ಬಹುಶಃ ಪಾಪ್‌ನಲ್ಲಿದೆ. ಪಾಪ್ ಅಂದರೆ ಮೇಲನ್ನು ಸರ್ವರಿನಿಂದ (ನಿಮ್ಮ ಮೇಲ್ ಬಂದು ಸೇರುವ ಹೋಸ್ಟಿಂಗ್ ಕಂಪನಿಯ ಕಂಪ್ಯೂಟರಿನಿಂದ) ಇಳಿಸಿಕೊಂಡು ತನ್ನ ಹತ್ತಿರ ಇಟ್ಟುಕೊಳ್ಳುವ ಪದ್ಧತಿ. ‘ಲೀವ್ ಎ ಕಾಪಿ ಆನ್ ದ ಸರ್ವರ್’ ಟಿಕ್ ಇಲ್ಲದಿದ್ದರೆ ಸರ್ವರಲ್ಲಿ ಏನೂ ಉಳಿಯುವುದಿಲ್ಲ, ಫೋನು ಖಾಲಿ ಡಬ್ಬ ತೆರೆದಂತೆ. ಟಿಕ್ ಇದ್ದರೂ ಕೆಳಗಿನ ಸಾಲಲ್ಲಿ ‘14 ದಿನದ ನಂತರ ತೆಗೆ’ ಅಂತ ಇರುತ್ತೆ, ಅದನ್ನೂ ನೋಡಿ.

ಐಮ್ಯಾಪ್ ಅಂದರೆ ಮೇಲ್ ಸರ್ವರಲ್ಲೇ ಉಳಿದು ಎಲ್ಲ ಕಡೆ ಒಂದೇ ರೀತಿ ಕಾಣುವ ಪದ್ಧತಿ. ಎರಡು ಕಡೆ ಓದುವ ಮೇಲಿಗೆ ಎರಡೂ ಕಡೆ ಐಮ್ಯಾಪ್ ಇರಬೇಕು. ಫೋನಿನಲ್ಲಿ ಪಾಪ್ ಅಂತ ಹಾಕಿದ್ದರೆ ಅದನ್ನೇ ಐಮ್ಯಾಪ್‌ಗೆ ಬದಲಿಸಲು ಆಗುವುದಿಲ್ಲ. ಆ ಅಕೌಂಟ್ ತೆಗೆದು, ‘ಅದರ್’ ಆಯ್ದು ಹೊಸದಾಗಿ ಸೇರಿಸಬೇಕು. ಒಂದು ಎಚ್ಚರಿಕೆ: ಐಮ್ಯಾಪ್‌ನಲ್ಲಿ ಫೋನಿಂದ ಅಳಿಸಿದ್ದು ಆಫೀಸಲ್ಲೂ ಅಳಿಯುತ್ತೆ. ಕೆಲಸದವರ ಕೈಗೂ ಆ ಫೋನ್ ಹೋಗುವುದಾದರೆ ಹೇಳಿಡಿ.

ಗೋಣಿಕೊಪ್ಪಲಿಂದ
ಅಕೌಂಟ್ ಸೇರಿಸುವಾಗ ಪೋರ್ಟ್ (ಸರ್ವರಿನ ಬಾಗಿಲಿನ ನಂಬರ್) ಮತ್ತು ಸೆಕ್ಯುರಿಟಿ (ಮೇಲನ್ನು ಗುಪ್ತವಾಗಿ ಸಾಗಿಸುವ ವಿಧಾನ) ಕೇಳುತ್ತೆ. ಒಳಬರುವುದಕ್ಕೆ ಐಮ್ಯಾಪ್ ಪೋರ್ಟ್ 993, ಎಸ್‌ಎಸ್‌ಎಲ್/ಟಿಎಲ್‌ಎಸ್. ಕಳಿಸುವುದಕ್ಕೆ 465 ಆದರೆ ಎಸ್‌ಎಸ್‌ಎಲ್/ಟಿಎಲ್‌ಎಸ್, 587 ಆದರೆ ಸ್ಟಾರ್ಟ್‌ಟಿಎಲ್‌ಎಸ್. ಈ ಜೋಡಿ ಅದಲುಬದಲಾದರೆ ಫೋನು ಸುತ್ತುತ್ತಲೇ ಇರುತ್ತೆ, ಪಾಸ್‌ವರ್ಡ್ ತಪ್ಪಾ ಅಂತ ನೀವು ಹತ್ತು ಸಲ ಟೈಪ್ ಮಾಡ್ತೀರಿ. ಯೂಸರ್‌ನೇಮ್ ಜಾಗದಲ್ಲಿ ಪೂರ್ತಿ ಮೇಲ್ ವಿಳಾಸ ಬೇಕು. ‘ರಿಕ್ವೈರ್ ಸೈನ್-ಇನ್’ ಆನ್ ಇರಬೇಕು.

ಡೇಟಾದಲ್ಲಿ ಮಾತ್ರ ಹೋಗದಿದ್ದರೆ ನಿಮ್ಮಲ್ಲಿ ಪೋರ್ಟ್ 25 ಇರಬಹುದು. ಸ್ಪ್ಯಾಮ್ ತಡೆಯಲು ಎಷ್ಟೋ ನೆಟ್‌ವರ್ಕ್‌ಗಳು ಅದನ್ನು ಮುಚ್ಚಿರುತ್ತವೆ.

ಇದರ ಉಲ್ಟಾ ತೊಂದರೆಯೂ ಇದೆ: ಡೇಟಾದಲ್ಲಿ ಸರಿ, ಆಫೀಸಿನ ವೈಫೈಯಲ್ಲಿ ಇಲ್ಲ. ಪಾಸ್‌ವರ್ಡ್ ಬದಲಿಸಿ ಕಂಪ್ಯೂಟರಲ್ಲಿ ಹಳೆಯದನ್ನೇ ಬಿಟ್ಟರೆ ಅದು ಮತ್ತೆ ಮತ್ತೆ ಬಾಗಿಲು ಬಡಿಯುತ್ತೆ, ಸರ್ವರ್ ನಿಮ್ಮ ಆಫೀಸಿನ ಇಂಟರ್ನೆಟ್ಟಿನ ಐಪಿ ವಿಳಾಸವನ್ನೇ ತಡೆಯುತ್ತೆ, ಅದೇ ವೈಫೈಯಲ್ಲಿರುವ ಫೋನೂ ಹೊರಗೆ. ಮೊದಲು ಕಂಪ್ಯೂಟರಿನ ಪಾಸ್‌ವರ್ಡ್ ಸರಿ ಮಾಡಿ, ಆಮೇಲೆ ಹೋಸ್ಟಿಂಗ್‌ನವರಿಗೆ ಬ್ಲಾಕ್ ತೆಗೆಯಲು ಹೇಳಿ.

ಸರ್ಟಿಫಿಕೇಟ್ (ಸರ್ವರಿನ ಗುರುತಿನ ಚೀಟಿ) ಎಚ್ಚರಿಕೆ ಬಂದರೆ ಕಣ್ಣು ಮುಚ್ಚಿ ‘ಅಕ್ಸೆಪ್ಟ್’ ಒತ್ತಬೇಡಿ. ಫೋನಿನ ತಾರೀಕು ತಪ್ಪಿರಬಹುದು, ಇಲ್ಲವೇ ಸರ್ಟಿಫಿಕೇಟ್ ಇರುವುದು ಹೋಸ್ಟಿಂಗ್‌ನವರ ಸರ್ವರ್ ಹೆಸರಲ್ಲಿ. ಅವರ ಹತ್ತಿರ ಸರಿಯಾದ ಹೆಸರು ಕೇಳಿ ಸರ್ವರ್ ಜಾಗದಲ್ಲಿ ಅದನ್ನೇ ಹಾಕಿ.

ಸೋಮವಾರಪೇಟೆಯಿಂದ
ಮಳೆಗಾಲದ್ದು ಹೇಳ್ತೇನೆ. ಕರೆಂಟ್ ಹೋಗಿ ಟವರ್ ಬ್ಯಾಟರಿ ಮುಗಿದರೆ ಎಸ್‌ಎಂಎಸ್ ಒಟಿಪಿಯೂ ಬರಲ್ಲ. ಜಿಮೇಲ್ ವಿಳಾಸಕ್ಕೆ ಎರಡು ಹಂತದ ಪರಿಶೀಲನೆ ಹಾಕಿದ್ದರೆ 8 ಅಂಕೆಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಇಡಿ. ಅಥೆಂಟಿಕೇಟರ್ ಆ್ಯಪ್ ನೆಟ್‌ವರ್ಕ್ ಇಲ್ಲದೆಯೂ ಕೋಡ್ ಕೊಡುತ್ತೆ.

ಹೊರಗಿನ ಐಮ್ಯಾಪ್ ಅಕೌಂಟನ್ನು ಜಿಮೇಲ್ ಆ್ಯಪ್ 15 ನಿಮಿಷಕ್ಕಿಂತ ಬೇಗ ನೋಡುವುದಿಲ್ಲ. ಬಂದ ಕೂಡಲೇ ಬೇಕಾದರೆ ಥಂಡರ್‌ಬರ್ಡ್ ಅಥವಾ ಕೆ-9 ಎಂಬ ಮೇಲ್ ಆ್ಯಪ್ ಹಾಕಿ, ಪುಶ್ (ಮೇಲ್ ಬಂದ ಕೂಡಲೇ ತಿಳಿಸುವ ಸೌಲಭ್ಯ) ಆನ್ ಮಾಡಿ. ಯಾವ ಆ್ಯಪ್ ಆದರೂ ಬ್ಯಾಟರಿ ಸೆಟ್ಟಿಂಗಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಇಡಿ. ಫೋನಿನ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತೆ, ನನ್ನ ಪ್ರಕಾರ ಬುಕಿಂಗ್ ತಪ್ಪುವುದಕ್ಕಿಂತ ವಾಸಿ. ಜಿಮೇಲ್ ಆ್ಯಪಲ್ಲಿ ಅಟ್ಯಾಚ್‌ಮೆಂಟ್ ತಾನಾಗಿ ಇಳಿಯುವುದು ವೈಫೈಯಲ್ಲಿ ಮಾತ್ರ.

ಕೇಳಿದವರು
ಹೌದು, ಔಟ್‌ಲುಕ್ ಪಾಪ್‌ನಲ್ಲೇ ಇದೆ, ಫೋನಿನಲ್ಲಿ ಕಳಿಸುವ ಪೋರ್ಟೂ 25. ಔಟ್‌ಲುಕ್‌ನ ಆ ಅಕೌಂಟ್ ತೆಗೆದು ಐಮ್ಯಾಪ್ ಹಾಕಿದರೆ ಹಳೆ ಮೇಲ್ ಉಳಿಯುತ್ತಾ?

ಮಡಿಕೇರಿಯಿಂದ
ಈಗಲೇ ತೆಗೆಯಬೇಡಿ! ಹಳೆಯದೆಲ್ಲ ಆ ಕಂಪ್ಯೂಟರಲ್ಲಿ ಮಾತ್ರ ಇದೆ. ಔಟ್‌ಲುಕ್ ಮೇಲ್ ಇಟ್ಟುಕೊಳ್ಳುವ ಪಿಎಸ್‌ಟಿ ಫೈಲನ್ನು ಮೊದಲು ಪೆನ್‌ಡ್ರೈವಿಗೆ ಕಾಪಿ ಮಾಡಿ. ಅದೇ ವಿಳಾಸವನ್ನು ಪಕ್ಕದಲ್ಲೇ ಐಮ್ಯಾಪ್ ಆಗಿ ಸೇರಿಸಿ, ಹಳೆ ಅಕೌಂಟಿನ ಸೆಂಡ್/ರಿಸೀವ್ ನಿಲ್ಲಿಸಿ. ಸರ್ವರಲ್ಲಿ ಎಷ್ಟು ಜಾಗ ಇದೆ ಅಂತ ಹೋಸ್ಟಿಂಗ್‌ನವರನ್ನು ಕೇಳಿಕೊಳ್ಳಿ, ತುಂಬಿದರೆ ಹೊಸ ಮೇಲ್ ವಾಪಸ್ ಹೋಗುತ್ತೆ. ಬೇಕಾದ್ದನ್ನು ಇನ್ನೂರು, ಮುನ್ನೂರರಂತೆ ಐಮ್ಯಾಪ್ ಫೋಲ್ಡರಿಗೆ ಕಾಪಿ ಮಾಡಿ. ಮೂವ್ ಬೇಡ, ಮಧ್ಯೆ ಕರೆಂಟ್ ಹೋದರೆ ಕಷ್ಟ. ಫೋನಿನಲ್ಲಿ ಆ ಫೋಲ್ಡರ್ ತೆರೆದು ಹಳೆ ಮೇಲ್ ಕಂಡ ಮೇಲೆ ಪಾಪ್ ಅಕೌಂಟ್ ತೆಗೆಯಿರಿ.